ಸಹಾಯ ಬೇಕು: ಒಣಗಿಸಿದ ಹೂ ಮಳೆಗಾಲದಲ್ಲಿ ಮೆತ್ತಗಾಗುತ್ತಿವೆ

ನಮಸ್ಕಾರ್ರಿ. ಕಲಬುರಗಿಯಲ್ಲಿ ಒಣಹೂವಿನಿಂದ ಗೋಡೆ ಅಲಂಕಾರ ಮಾಡುವವರು ಯಾರಾದರೂ ಇದ್ದರೆ ದಾರಿ ತೋರಿಸ್ರಿ.

ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ಅರ್ಧ ಅರಳಿದ ಗುಲಾಬಿ, ಕೋಳಿಜುಟ್ಟು ಹೂವಿನ ಎಲೆ ತೆಗೆದು, ಐದಾರು ಕಡ್ಡಿಗೊಂದು ಕಟ್ಟು ಕಟ್ಟಿ, ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಎರಡು ವಾರದಲ್ಲಿ ಗರಿಗರಿ. ಕಟ್ಟಲು ರಬ್ಬರ್ ಬ್ಯಾಂಡೇ ಸರಿ. ಕಡ್ಡಿ ಒಣಗಿ ಸಣ್ಣಗಾದ ಮೇಲೆ ದಾರ ಸಡಿಲಾಗಿ ಹೂ ಜಾರುತ್ತದೆ. ಬಿಸಿಲಿಗಂತೂ ಇಡಲೇಬಾರದು, ಬಣ್ಣ ಹಾರಿಹೋಗುತ್ತದೆ.

ಮಳೆ ಹಿಡಿದ ಮೇಲೆ ಈ ಕ್ರಮ ನಡೆಯುತ್ತಿಲ್ಲ. ಚೆಂಡುಹೂ, ಸೇವಂತಿಯ ಹೊರದಳ ಒಣಗಿದರೂ ತೊಟ್ಟಿನ ಹತ್ತಿರ ಪಸೆ ಉಳಿದು ಬೂದು ಬೂಷ್ಟು ಬರುತ್ತದೆ. ಅದಕ್ಕೇ ಸಿಲಿಕಾ ಜೆಲ್ (ತೇವ ಹೀರುವ ಕಾಳು) ಹಿಡಿದದ್ದು: ಗಾಳಿಯಾಡದ ಡಬ್ಬಿಯ ತಳಕ್ಕೆ ಎರಡು ಸೆಂಟಿಮೀಟರ್ ಹರಡಿ, ಹೂವಿನ ಮುಖ ಮೇಲೆ ಮಾಡಿಟ್ಟು, ದಳಗಳ ಸಂದಿಗೂ ಚಮಚದಿಂದ ತುಂಬಿ ಪೂರ್ತಿ ಮುಚ್ಚುವುದು, ಏಳು ದಿನ. ಹೂ ಚೆನ್ನಾಗಿಯೇ ಒಣಗುತ್ತದೆ. ಆದರೆ ಚೌಕಟ್ಟಿಗೆ ಅಂಟಿಸಿದ ಎರಡೇ ದಿನಕ್ಕೆ ದಳ ಮತ್ತೆ ಮೆತ್ತಗಾಗಿ ಜೋತು ಬೀಳುತ್ತದೆ.

ದಳಕ್ಕೆ ಪಸೆ ತಾಗದಂತೆ ಮೇಲೆ ಹೊಡೆಯಲು ಹೇರ್ ಸ್ಪ್ರೇ ಸಾಕೇ, ಬಣ್ಣವಿಲ್ಲದ ಲ್ಯಾಕರ್ (ಮೆರುಗೆಣ್ಣೆ) ಬೇಕೇ? ಲ್ಯಾಕರ್‌ನಿಂದ ಗುಲಾಬಿ ಕಪ್ಪಾಗುತ್ತದೆಯೇ? ಗಾಜಿನ ಚೌಕಟ್ಟಿನ ಹಿಂಬದಿಗೆ ಸಿಲಿಕಾ ಪೊಟ್ಟಣ ಇಟ್ಟು ಸಂದಿ ಮುಚ್ಚಿದವರಿದ್ದರೆ, ಪೊಟ್ಟಣ ಎಷ್ಟು ದಿನಕ್ಕೆ ಬದಲಿಸುತ್ತೀರಿ?

ಸಣ್ಣ ರವೆಯಂಥ ಸಿಲಿಕಾ ಜೆಲ್ ಇಲ್ಲಿ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ತಿಳಿಸ್ರಿ. ಸಾಬೂದಾಣಿ ಗಾತ್ರದ ಕಾಳು ಗುಲಾಬಿ ದಳದ ಮೇಲೆ ಕುಳಿ ಕುಳಿಯಾಗಿ ಗುರುತು ಬಿಡುತ್ತದೆ.

ಜೋಳದ ತೆನೆ ಜೋಡಿಸುವವರಿಗೆ ಒಂದು ಮಾತು: ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ನಾಲ್ಕು ದಿನ ಫ್ರೀಜರ್‌ನಲ್ಲಿಡ್ರಿ, ಇಲ್ಲದಿದ್ದರೆ ಹುಳ ಬೀಳುತ್ತದೆ.