ಸಹಾಯ ಬೇಕು: ಟರ್ಷರಿ ಬ್ಯುಟನಾಲ್ ಆಮ್ಲತೆ ಯಾಕೆ ಕಡಿಮೆ?

ನಮಸ್ಕಾರ. ನಾನು ಬಿಎಸ್ಸಿ ಎರಡನೇ ವರ್ಷ. ನಿನ್ನೆ ಲ್ಯಾಬ್‌ನಲ್ಲಿ ಒಂದು ಟೆಸ್ಟ್ ಟ್ಯೂಬ್ ನೀರಿಗೆ ಎನ್-ಬ್ಯುಟನಾಲ್, ಇನ್ನೊಂದಕ್ಕೆ ಟರ್ಷರಿ ಬ್ಯುಟನಾಲ್ ಹಾಕಿ ಕುಲುಕಿದೆ. ಎರಡೂ ನಾಲ್ಕು ಇಂಗಾಲದ ಆಲ್ಕೋಹಾಲ್‌ಗಳೇ; ಮೊದಲನೆಯದರ ಇಂಗಾಲಗಳು ನೇರ ಸರಪಳಿ, ಎರಡನೆಯದರದ್ದು ಕವಲು. ಮೊದಲನೆಯದು ಎಣ್ಣೆಯ ಹಾಗೆ ಮೇಲೆ ಪದರ ಕಟ್ಟಿತು. 100 ಮಿಲಿ ನೀರಿನಲ್ಲಿ 7–8 ಗ್ರಾಂ ಮಾತ್ರ ಕರಗುತ್ತದೆ. ಎರಡನೆಯದು ಪೂರ್ತಿ ಬೆರೆತುಹೋಯಿತು. ಅದರ ಇಂಗಾಲದ ಗುಂಪು ಉಂಡೆಯ ಹಾಗಿದೆ, ನೀರಿಗೆ ಅಡ್ಡಿ ಕಡಿಮೆ. ಅಷ್ಟು ಅರ್ಥವಾಯಿತು.

ತಲೆ ಕೆಡಿಸಿದ್ದು ಆಮ್ಲತೆ. ನೀರಿನಲ್ಲಿ ಮೆಥನಾಲ್ ಪಿಕೆಎ (ಆಮ್ಲತೆಯ ಅಳತೆ, ಹೆಚ್ಚಿದಷ್ಟೂ ಆಮ್ಲತೆ ಕಡಿಮೆ) ಸುಮಾರು 15.5, ಎಥನಾಲ್ 16, ಟರ್ಷರಿ ಬ್ಯುಟನಾಲ್ 18ರ ಹತ್ತಿರ. ಮೀಥೈಲ್ ಗುಂಪುಗಳು ಎಲೆಕ್ಟ್ರಾನ್ ತಳ್ಳುವುದೇ ಕಾರಣ ಎಂದು ನೋಟ್ಸ್‌ನಲ್ಲಿದೆ. ಆದರೆ ಅನಿಲ ಸ್ಥಿತಿಯಲ್ಲಿ ಈ ಕ್ರಮ ಪೂರ್ತಿ ತಿರುವುಮುರುವು! ಹಾಗಾದರೆ ಬರೀ ತಳ್ಳುವುದು ಕಾರಣವಲ್ಲ, ಅಲ್ವಾ? ಆಲ್ಕಾಕ್ಸೈಡ್ (ಆಲ್ಕೋಹಾಲ್ ಪ್ರೋಟಾನ್ ಬಿಟ್ಟ ಮೇಲೆ ಉಳಿಯುವ ಋಣ ಅಯಾನು) ಸುತ್ತ ನೀರು ಸೇರಲು ಜಾಗ ಸಾಲುವುದಿಲ್ಲ ಅಂತಲೇ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಸೋಮವಾರ ಇಂಟರ್ನಲ್ಸ್ ಇದೆ.