ಆರ್‌ಡಿಎ ರೆಕಾರ್ಡುಗಳಲ್ಲಿ ಪ್ರಕಾಶಕರೇ ಕಾಣುತ್ತಿಲ್ಲ: ಹಳೆಯದನ್ನೆಲ್ಲ ಬದಲಿಸಬೇಕೇ?

ಪ್ರಶ್ನೆ: ನಮ್ಮ ಲೈಬ್ರರಿಯಲ್ಲಿ ಸುಮಾರು 40 ಸಾವಿರ ಮಾರ್ಕ್ 21 (ಕ್ಯಾಟಲಾಗ್ ವಿವರವನ್ನು ಕಂಪ್ಯೂಟರ್ ಓದುವಂತೆ ಸಂಖ್ಯೆಯ ಫೀಲ್ಡ್‌ಗಳಲ್ಲಿ ಇಡುವ ಸ್ವರೂಪ) ರೆಕಾರ್ಡುಗಳಿವೆ. ಹೆಚ್ಚಿನವು ಎಎಸಿಆರ್2 ಎಂಬ ಹಳೆಯ ಕ್ಯಾಟಲಾಗ್ ನಿಯಮಗಳ ಪ್ರಕಾರ ಮಾಡಿದವು. ಈಗ ಹೊರಗಿನಿಂದ ಇಳಿಸಿಕೊಳ್ಳುವುದೆಲ್ಲ ಅದರ ಬದಲಿಗೆ ಬಂದ ಆರ್‌ಡಿಎ ನಿಯಮದವು. ಹೊಸ ಪುಸ್ತಕಗಳ ಪ್ರಕಾಶಕರು ಓಪ್ಯಾಕ್‌ನಲ್ಲಿ (ಓದುಗರು ಹುಡುಕುವ ಆನ್‌ಲೈನ್ ಕ್ಯಾಟಲಾಗ್) ಕಾಣುವುದಿಲ್ಲ, ಡಿವಿಡಿಗಳು ಪುಸ್ತಕಗಳ ಜೊತೆ ಬೆರೆತು ಬರುತ್ತವೆ. ಹಳೆಯದನ್ನೆಲ್ಲ ಒಟ್ಟಿಗೇ ಬದಲಿಸಿಬಿಡಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಸಿಸ್ಟಮ್ಸ್ ಲೈಬ್ರರಿಯನ್): ಸರ್, ರೆಕಾರ್ಡು ಮುಟ್ಟುವ ಮೊದಲು ಸಾಫ್ಟ್‌ವೇರ್ ಸೆಟ್ಟಿಂಗ್ ನೋಡಿ. ನೀವು ಹೇಳಿದ ಎರಡೂ ತೊಂದರೆ ಅಲ್ಲೇ ಇರುವಂತಿದೆ. ಎಎಸಿಆರ್2ರಲ್ಲಿ ಪ್ರಕಾಶನದ ವಿವರ 260ನೇ ಫೀಲ್ಡ್‌ನಲ್ಲಿತ್ತು, ಈಗ 264ರಲ್ಲಿ ಬರುತ್ತದೆ. ನಿಮ್ಮ ಡಿಸ್‌ಪ್ಲೇ ಮತ್ತು ಇಂಡೆಕ್ಸ್ ಇನ್ನೂ 260ನ್ನು ಮಾತ್ರ ಓದುತ್ತಿರಬೇಕು. 264 ಸೇರಿಸುವಾಗ ಎರಡನೇ ಇಂಡಿಕೇಟರ್ (ಫೀಲ್ಡ್ ಸಂಖ್ಯೆಯ ಪಕ್ಕದ ಅಂಕಿ) ಗಮನಿಸಿ: 1 ಎಂದರೆ ಪ್ರಕಾಶನ, 2 ವಿತರಣೆ, 3 ಮುದ್ರಣ, 4 ಕಾಪಿರೈಟ್ ವರ್ಷ. ಎಲ್ಲವನ್ನೂ ಒಟ್ಟಿಗೆ ಇಂಡೆಕ್ಸ್ ಮಾಡಿದರೆ ವಿತರಕರೇ ಪ್ರಕಾಶಕರಾಗಿ ಕೂರುತ್ತಾರೆ. ವರ್ಷದ ಪ್ರಕಾರ ಜೋಡಿಸಲು 264 ಬೇಡವೇ ಬೇಡ, 008 ಫೀಲ್ಡ್‌ನಲ್ಲಿ ವರ್ಷವಿರುವ 07ರಿಂದ 10ನೇ ಸ್ಥಾನ ಬಳಸಿ.

ಡಿವಿಡಿ ವಿಷಯವೂ ಹಾಗೆಯೇ. ಮೊದಲು ಶೀರ್ಷಿಕೆಯ ಫೀಲ್ಡ್ 245ರ ಎಚ್ ಸಬ್‌ಫೀಲ್ಡ್‌ನಲ್ಲಿ (ಫೀಲ್ಡ್‌ನ ಒಳಭಾಗ) ಚೌಕ ಕಂಸದೊಳಗೆ ಮಾಧ್ಯಮದ ಹೆಸರಿರುತ್ತಿತ್ತು, ಐಕಾನ್ ಅದನ್ನು ನೋಡಿ ಬರುತ್ತಿತ್ತು. ಆರ್‌ಡಿಎ ಅದನ್ನು ಕೈಬಿಟ್ಟು 336 (ವಿಷಯದ ಬಗೆ), 337 (ಮಾಧ್ಯಮದ ಬಗೆ), 338 (ವಾಹಕದ ಬಗೆ) ಫೀಲ್ಡ್‌ಗಳಿಗೆ ಹಂಚಿದೆ. ಐಕಾನ್ ನಿಯಮವನ್ನು 338ರ ಬಿ ಸಬ್‌ಫೀಲ್ಡ್‌ನ ಕೋಡಿಗೆ ಕಟ್ಟಿ: ವಿಡಿಯೋ ಡಿಸ್ಕ್‌ಗೆ ‘ವಿಡಿ’, ಆಡಿಯೋ ಡಿಸ್ಕ್‌ಗೆ ‘ಎಸ್‌ಡಿ’, ಆನ್‌ಲೈನ್‌ಗೆ ‘ಸಿಆರ್’, ಪುಸ್ತಕಕ್ಕೆ ‘ಎನ್‌ಸಿ’. ಎ ಸಬ್‌ಫೀಲ್ಡ್‌ನ ಪದ ಭಾಷೆಗೆ ತಕ್ಕಂತೆ ಬದಲಾಗುತ್ತದೆ, ಕೋಡ್ ಬದಲಾಗದು. ಹಳೆಯ ರೆಕಾರ್ಡುಗಳಿಗಾಗಿ 245ರ ನಿಯಮವೂ ಇರಲಿ. ಕೊನೆಗೆ ಪೂರ್ತಿ ರೀಇಂಡೆಕ್ಸ್ ಮಾಡಿ. ಇದನ್ನು ಮರೆತು ‘ಸೆಟ್ಟಿಂಗ್ ಕೆಲಸ ಮಾಡಲಿಲ್ಲ’ ಎನ್ನುವವರೇ ಹೆಚ್ಚು.

ಉತ್ತರ (ಕ್ಯಾಟಲಾಗರ್): ಮೇಲಿನದು ಸರಿ. ಬದಲಾವಣೆಯ ಬಗ್ಗೆ ನಾನು ಹೇಳುತ್ತೇನೆ. ಪೂರ್ತಿ ಆರ್‌ಡಿಎ ಮಾಡಲು ಯಂತ್ರದಿಂದ ಆಗುವುದಿಲ್ಲ. ಎಎಸಿಆರ್2ರ ‘ಮೂವರ ನಿಯಮ’ದಿಂದಾಗಿ ಐದು ಜನ ಬರೆದ ಪುಸ್ತಕದಲ್ಲಿ ಮೊದಲನೆಯವರ ಹೆಸರು ಮಾತ್ರ ಉಳಿದಿರುತ್ತದೆ. ಉಳಿದ ನಾಲ್ವರನ್ನು ತರಬೇಕಾದರೆ ಪುಸ್ತಕವೇ ಕೈಯಲ್ಲಿರಬೇಕು. ಹಾಗಾಗಿ ಬ್ಯಾಚ್‌ನಲ್ಲಿ (ಯಂತ್ರದಿಂದ ಒಟ್ಟಿಗೇ) ತಿದ್ದಿದ್ದಕ್ಕೆ, ಯಾವ ನಿಯಮ ಎಂದು ತಿಳಿಸುವ 040ರ ಇ ಸಬ್‌ಫೀಲ್ಡ್‌ನಲ್ಲಿ ಆರ್‌ಡಿಎ ಎಂದು ಹಾಕಬೇಡಿ, ಅದು ಮಿಶ್ರ ರೆಕಾರ್ಡು ಅಷ್ಟೇ. ಪುಸ್ತಕ ನೋಡಿ ಪೂರ್ತಿ ಮರುವಿವರಣೆ ಮಾಡಿದರೆ ಮಾತ್ರ ಹಾಕಿ.

ಬ್ಯಾಚ್‌ನಲ್ಲಿ ಧೈರ್ಯವಾಗಿ ಮಾಡಬಹುದಾದದ್ದು 33ಎಕ್ಸ್ (336, 337, 338) ಸೇರಿಸುವುದು. ರೆಕಾರ್ಡು ತಿದ್ದುವ ಸಾಫ್ಟ್‌ವೇರ್ ಮಾರ್ಕ್‌ಎಡಿಟ್‌ನ ಆರ್‌ಡಿಎ ಹೆಲ್ಪರ್ ಸಾಕು. ಮೊದಲು ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಎತ್ತಿಡಿ, 200 ರೆಕಾರ್ಡುಗಳ ಮೇಲೆ ಓಡಿಸಿ, ಕಣ್ಣಾರೆ ನೋಡಿ. ಈ ಕೋಡುಗಳು ರೆಕಾರ್ಡಿನ ಆರಂಭದ ಲೀಡರ್‌ನಲ್ಲಿ ವಸ್ತುವಿನ ಬಗೆ ಹೇಳುವ 06ನೇ ಸ್ಥಾನ ಮತ್ತು ಭೌತಿಕ ರೂಪದ ಕೋಡಿರುವ 007ರಿಂದ ಹುಟ್ಟುತ್ತವೆ. ಸಿಡಿಗೂ ಪುಸ್ತಕದ ಟೆಂಪ್ಲೇಟನ್ನೇ ಬಳಸಿ ಲೀಡರ್‌ನಲ್ಲಿ ‘ಎ’ ಉಳಿಸಿದ್ದರೆ ಸಿಡಿಯೂ ‘ಪಠ್ಯ’ವಾಗುತ್ತದೆ. ಓದಿದ ಧ್ವನಿಗೆ ‘ಐ’, ಸಂಗೀತಕ್ಕೆ ‘ಜೆ’ ಎಂದು ಮೊದಲೇ ಸರಿಪಡಿಸಿ.

ಪುಟ, ಚಿತ್ರಗಳ ಸಂಕ್ಷೇಪಗಳನ್ನು ಬಿಡಿಸಿ ಬರೆಯುವುದಿದ್ದರೆ ಆ ವಿವರವಿರುವ 300ಕ್ಕೆ ಮಾತ್ರ ಸೀಮಿತಗೊಳಿಸಿ. ಎಲ್ಲ ಫೀಲ್ಡ್‌ಗಳ ಮೇಲೆ ಓಡಿಸಿದರೆ ಶೀರ್ಷಿಕೆ ಪುಟದಲ್ಲಿದ್ದಂತೆಯೇ ನಕಲಿಸಿದ 245 ಕೆಡುತ್ತದೆ. ನಿಜ ಹೇಳಬೇಕೆಂದರೆ ಇದರಿಂದ ಓದುಗರಿಗೆ ಏನೂ ಸಿಗುವುದಿಲ್ಲ, ನಾನಾದರೆ ಬಿಟ್ಟುಬಿಡುತ್ತೇನೆ. ಆ ಸಮಯವನ್ನು ಅಥಾರಿಟಿಗೆ (ಹೆಸರು, ಹೆಡಿಂಗ್‌ಗಳ ಒಪ್ಪಿತ ರೂಪಗಳ ದಾಖಲೆ) ಕೊಡಿ. ಬೈಬಲ್‌ನ ಹೆಡಿಂಗ್‌ಗಳಲ್ಲಿ ‘ಎನ್.ಟಿ.’ (ಹೊಸ ಒಡಂಬಡಿಕೆ), ‘ಒ.ಟಿ.’ (ಹಳೆಯ ಒಡಂಬಡಿಕೆ) ಎಂಬ ಸಂಕ್ಷೇಪಗಳು ಈಗ ಇಲ್ಲ, ಇಲಾಖೆಯ ಹೆಸರಿನ ‘ಡಿಪಾರ್ಟ್‌ಮೆಂಟ್’ ಪೂರ್ತಿಯಾಗಿ ಬರುತ್ತದೆ. ಹಳೆ ರೂಪ, ಹೊಸ ರೂಪ ಎರಡೂ ಉಳಿದರೆ ಒಂದೇ ಕೃತಿ ಬ್ರೌಸ್ ಪಟ್ಟಿಯಲ್ಲಿ ಎರಡು ಕಡೆ ಒಡೆದು ನಿಲ್ಲುತ್ತದೆ.

ಪ್ರಶ್ನೆ: ತುಂಬ ಉಪಕಾರವಾಯಿತು ಮೇಡಂ. ಹೇಗೂ ಮಾರ್ಕ್‌ನ ಬದಲಿಗೆ ಬಿಬ್‌ಫ್ರೇಮ್ ಬರುತ್ತದಲ್ಲ, ಅಲ್ಲಿಯವರೆಗೆ ಕಾಯಬಹುದೇ?

ಉತ್ತರ (ಕ್ಯಾಟಲಾಗರ್): ಕಾಯಬೇಡಿ. ಬಿಬ್‌ಫ್ರೇಮ್ 2.0 ಬಂದದ್ದು 2016ರಲ್ಲಿ, ಆದರೂ ನಿತ್ಯದ ರೆಕಾರ್ಡು ವಿನಿಮಯ ಈಗಲೂ ಬಹುಪಾಲು ಮಾರ್ಕ್‌ನಲ್ಲೇ. ಬಿಬ್‌ಫ್ರೇಮ್ ವಿವರವನ್ನು ಕೃತಿ, ಅದರ ಆವೃತ್ತಿರೂಪ, ಕಪಾಟಿನ ಪ್ರತಿ ಎಂದು ಮೂರಾಗಿ ಬಿಡಿಸುತ್ತದೆ. ಯಾರು ಲೇಖಕರು, ಯಾರು ಅನುವಾದಕರು ಎಂಬುದು ಮಾರ್ಕ್‌ನಲ್ಲೇ ಇಲ್ಲದಿದ್ದರೆ ಪರಿವರ್ತನೆಯಲ್ಲಿ ಅದು ಎಲ್ಲಿಂದಲೂ ಬರುವುದಿಲ್ಲ. ಇಂದಿನಿಂದ ಹೊಸ ರೆಕಾರ್ಡುಗಳಲ್ಲಿ ವ್ಯಕ್ತಿಗಳ ಹೆಸರಿನ 100, 700 ಫೀಲ್ಡ್‌ಗಳ ಇ ಅಥವಾ 4 ಸಬ್‌ಫೀಲ್ಡ್‌ನಲ್ಲಿ ಪಾತ್ರವನ್ನೂ, 0 ಸಬ್‌ಫೀಲ್ಡ್‌ನಲ್ಲಿ ಅಥಾರಿಟಿ ಸಂಖ್ಯೆಯನ್ನೂ ತುಂಬಿ. ಇಳಿಸಿಕೊಂಡ ರೆಕಾರ್ಡಿನಲ್ಲಿ ಇವು ಇದ್ದರೆ ಇಂಪೋರ್ಟ್ ನಿಯಮ ಅವನ್ನು ಕತ್ತರಿಸಿ ಹಾಕುತ್ತಿಲ್ಲವೇ ಎಂದೂ ಒಮ್ಮೆ ನೋಡಿ.