ಅಪ್‌ಡೇಟ್: ಟ್ಯೂಬಿಂಗನ್‌ನಲ್ಲಿ ಸಿಕ್ಕ ಕಲ್ಲಚ್ಚಿನ ಕನ್ನಡ

ಮಂಗಳೂರಿನಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದ ಮೊದಲ ಕನ್ನಡ ಪುಸ್ತಕಗಳನ್ನು ಊರಲ್ಲಿದ್ದುಕೊಂಡೇ ನೋಡಲು ಸಾಧ್ಯವೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ನಿಮ್ಮಲ್ಲಿ ಒಬ್ಬರು ಸೂಚಿಸಿದಂತೆ, ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯವು ಬಾಸೆಲ್ ಮಿಷನ್‌ನ ಪಾದ್ರಿಯೂ ಮಲಯಾಳ ವಿದ್ವಾಂಸರೂ ಆಗಿದ್ದ ಹರ್ಮನ್ ಗುಂಡರ್ಟ್ ಅವರ ಸಂಗ್ರಹವನ್ನು ಆಧರಿಸಿ 2018ರಲ್ಲಿ ತೆರೆದ ಡಿಜಿಟಲ್ ಭಂಡಾರದಲ್ಲಿ ನಾನು ಹುಡುಕಿದೆ. ಮಲಯಾಳದ ನಡುವೆ ಕನ್ನಡವೂ ಇದೆ.

ಹುಡುಕುವವರು ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ, ಎರಡು ಮೂರು ಬಗೆಯ ಕಾಗುಣಿತದಲ್ಲಿ ಪ್ರಯತ್ನಿಸುವುದು ಒಳ್ಳೆಯದು. ಆ ಮೊದಲ ಪುಸ್ತಕಗಳು ಕಲ್ಲಚ್ಚಿನವು (ಲಿಥೋಗ್ರಫಿ). ಕಲ್ಲಚ್ಚಿನಲ್ಲಿ ಅಚ್ಚುಮೊಳೆಗಳಿಲ್ಲ, ಲಿಪಿಕಾರ ಬರೆದದ್ದೇ ಕಲ್ಲಿನ ಮೂಲಕ ಕಾಗದಕ್ಕಿಳಿಯುತ್ತದೆ. ಆದ್ದರಿಂದ ಪುಟವನ್ನು ದೊಡ್ಡದು ಮಾಡಿದಾಗ, ಒತ್ತಕ್ಷರವೊಂದು ಕೆಳಗಿನ ಸಾಲಿಗೆ ತಾಗುವಂತೆ ಇಳಿದಿರುವುದು ಕಂಡು, ಹೆಸರೇ ಉಳಿಯದ ಆ ಲಿಪಿಕಾರನ ಕೈಬರಹವನ್ನೇ ಓದುತ್ತಿದ್ದೇನೆಂದು ಮನಸ್ಸು ತುಂಬಿತು. ದಾರಿ ತೋರಿಸಿದವರಿಗೆ ಕೃತಜ್ಞತೆಗಳು.